ಒಗೆಯದ ಶಾಲು

ಸಾಸಿವೆಯನ್ನು ಅವಳ ಚಿಕ್ಕಮ್ಮ ಭಾನುವಾರ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಹೆತ್ತವಳು ತೀರಿಕೊಂಡ ಮೇಲೆ, ಸಂಬಂಧಿಕರು ಸಿಗುವವರೆಗೆ ಸಾಕಿಕೊಳ್ಳಿ ಎಂದು ನಮಗೆ ಒಪ್ಪಿಸಿದ್ದ ಕೂಸು. ಎರಡು ವರ್ಷ ನನ್ನನ್ನೇ ಅಮ್ಮ ಎಂದಿದ್ದಳು. ಸಿಟ್ಟು ಬಂದರೆ ಸಿಡಿಯುತ್ತಾಳೆಂದು ಆ ಹೆಸರಿಟ್ಟವರು ನನ್ನ ಗಂಡ.

ನಾನು ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸದವಳು. ನಾನು ಹೋಗುವ ಸಂಜೆ ತರಗತಿಯಲ್ಲಿ ಮೇಷ್ಟ್ರು ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದ್ದರು. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಎರಡು ಗೊಂಬೆ ಕೊಟ್ಟರಂತೆ. ಹಾಲು ಕೊಡುವ ತಂತಿಯದೊಂದು, ಬರೀ ಮೆತ್ತನೆ ಬಟ್ಟೆಯದೊಂದು. ಮರಿಗಳು ಹಾಲು ಕುಡಿದು, ಓಡಿಹೋಗಿ ಬಟ್ಟೆಯನ್ನೇ ಅಪ್ಪಿಕೊಂಡವು. "ಮಮತೆ ಹೊಟ್ಟೆಗಿಂತ ದೊಡ್ಡದು ಅಂತ ಗೊತ್ತಾಯ್ತು. ಆದ್ರೆ ಕೋತಿ ನೋಡಿ ಮನುಷ್ಯರ ವಿಷಯ ಎಷ್ಟು ಹೇಳಬಹುದು, ಅದು ಬೇರೆ ಮಾತು" ಎಂದಿದ್ದರು. ಅವರ ಮೊದಲ ಮಾತನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡೆನೇನೋ.

ಅಂದಿನಿಂದ ನನ್ನ ಹಳೆಯ ಉಣ್ಣೆ ಶಾಲನ್ನು ಒಗೆಯದೆ ದಿನವೂ ಹೊದ್ದು ಮಲಗಿದೆ.

"ಏನೇ ಇದು, ಊರವರ ಬಟ್ಟೆಯೆಲ್ಲ ಒಗೀತೀಯ, ನಿನ್ನ ಶಾಲಿಗೆ ಮಾತ್ರ ನೀರು ಕಂಡ್ರೆ ಆಗಲ್ವಾ?" ಗಂಡ ರೇಗಿಸಿದರು.

"ಅವಳ ಜೊತೆ ಕಳಿಸ್ತೀನಿ ರೀ. ನನ್ನ ವಾಸನೆ ಇದ್ರೆ ಅಳಲ್ಲ."

ಅವರೇ ಶಾಲನ್ನು ಮಡಚಿ ನನ್ನ ದಿಂಬಿನ ಮೇಲಿಟ್ಟರು.

ಭಾನುವಾರ ಅದು ಫಲಿಸಿತು. ಸಾಸಿವೆ ಶಾಲನ್ನು ಅವುಚಿಕೊಂಡು, ಸದ್ದಿಲ್ಲದೆ ಚಿಕ್ಕಮ್ಮನ ಸೊಂಟವೇರಿದಳು.

"ನೋಡಿ ಅಕ್ಕ, ಎಷ್ಟು ಜಾಣೆ!" ಎಂದಳು ಚಿಕ್ಕಮ್ಮ.

ನನಗೆ ಹೆಮ್ಮೆಯಾಯಿತು. ಒಂದು ಹನಿಯಾದರೂ ಕಣ್ಣೀರು ಹಾಕಬಾರದಿತ್ತೇ ಎಂದೂ ಅನಿಸಿತು.

ಬುಧವಾರ ಚಿಕ್ಕಮ್ಮನ ಫೋನ್ ಬಂತು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಶಾಲು ಎತ್ತಿಟ್ಟುಬಿಡ್ಲಾ?"

"ಯಾಕಮ್ಮ, ಬಿಸಾಡ್ತಾಳಾ?"

"ಬಿಸಾಡಿದ್ರೆ ವಾಸಿಯಿತ್ತು. ಮೂಸ್ತಾಳೆ, ಬಿಡಿಸಿ ಕೊಡವಿ ನೋಡ್ತಾಳೆ, ಹೋಗಿ ಬಾಗಿಲಲ್ಲಿ ಕೂರ್ತಾಳೆ. 'ಅಮ್ಮ ಇಲ್ಲೇ ಇದಾಳೆ, ಈಗ ಬರ್ತಾಳೆ' ಅಂತಾಳೆ. ನನ್ನ ಹತ್ರ ಸುಳಿಯೋದೇ ಇಲ್ಲ."

ಕೋತಿಮರಿಗೆ ಬಟ್ಟೆಯೇ ತಾಯಿಯಾಗಿತ್ತು. ಆ ಬಟ್ಟೆಗೆ ಯಾರ ವಾಸನೆಯೂ ಇರಲಿಲ್ಲ; ಸಾಸಿವೆಗೆ ನನ್ನ ಶಾಲು, ಅಮ್ಮ ಬರುತ್ತಾಳೆಂಬ ಭರವಸೆಯಾಗಿತ್ತು.

ನಾನು ಹೇಳಿದೆ. "ಎತ್ತಿಡಬೇಡ, ಹುಡುಕ್ತಾಳೆ. ಉಗುರು ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ನೆನೆಸು. ಎರಡು ಸಲ ಒಗಿ, ಉಣ್ಣೆಗೆ ಹತ್ತಿದ ವಾಸನೆ ಬೇಗ ಹೋಗಲ್ಲ. ಒಣಗಿದ ಮೇಲೆ ನೀನು ನಾಲ್ಕು ದಿನ ಹೊದ್ದು ಮಲಗು. ಆಮೇಲೆ ಅವಳಿಗೆ ಕೊಡು."

ಫೋನಿನಲ್ಲಿ, ಹಿಂದೆ ಎಲ್ಲೋ ಸಾಸಿವೆ ಯಾರ ಮೇಲೋ ಸಿಡಿಯುತ್ತಿದ್ದಳು.

"ಅವಳ ಕೈಗೆ ಫೋನ್ ಕೊಡ್ಲಾ ಅಕ್ಕಾ?"

"ಬೇಡಮ್ಮ" ಎಂದೆ.