ನೀರಿಗೆ ಹಾಕದ ಬಟ್ಟೆ

ಆ ಹುಡುಗಿಗೆ ನಿದ್ದೆಯಲ್ಲೂ ಓಟವೇ. ಕನಸಿನಲ್ಲಿ ಮೋಡದ ಮೇಲೆ ಓಡುತ್ತಿದ್ದಳು, ಕಾಲಡಿ ಹತ್ತಿಯಂತೆ ಮೆತ್ತಗೆ. ಎದ್ದು ನೆಲಕ್ಕೆ ಕಾಲಿಟ್ಟರೆ ಮಾತ್ರ ಮೊಣಕಾಲ ಕೆಳಗೆ, ಒಂದೇ ಜಾಗದಲ್ಲಿ, ಸೂಜಿ ಚುಚ್ಚಿದ ಹಾಗೆ ನೋವು. ನಿಂತಲ್ಲಿ ನಿಲ್ಲದವಳೆಂದು ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು. ಬುಗುರಿ ಕುಂಟಿದರೆ ಜನ ನಗುವುದಿಲ್ಲವೇ? ಅದಕ್ಕೇ ನೋವನ್ನು ಅವಳು ಯಾರಿಗೂ ಹೇಳಲಿಲ್ಲ.

ಅಪ್ಪ ಟೈಲರ್. ಅಳತೆಯ ಕಣ್ಣಿಗೆ ಮಗಳ ಹೆಜ್ಜೆ ತಪ್ಪಿದ್ದು ಕಾಣದೇ ಇರಲಿಲ್ಲ. ಆದರೆ ಭಾನುವಾರ ದೊಡ್ಡ ಓಟ, ಗೆದ್ದರೆ ಕ್ರೀಡಾ ಹಾಸ್ಟೆಲ್‌ನಲ್ಲಿ ಸೀಟು. ಉದ್ದನೆಯ ಪಟ್ಟಿಯೊಂದನ್ನು ಹೊಲಿದು ಅವಳ ಕಾಲಿಗೆ ಬಿಗಿಯಾಗಿ ಸುತ್ತಿದ.

"ನೋವು ಇದ್ರೊಳಗೆ ಮಲ್ಕೊಂಡಿರುತ್ತೆ. ಸಂಜೆ ಇನ್ನೊಂದು ಸುತ್ತು ಜಾಸ್ತಿ ಓಡು, ಮಗಳೇ."

ಮೈದಾನದಲ್ಲಿ ಆ ಪಟ್ಟಿ ಪಿ.ಟಿ. ಮೇಡಂ ಕಣ್ಣಿಗೆ ಬಿತ್ತು. ಮರುದಿನ ಅವರು ನೇರ ಅಂಗಡಿಗೇ ಬಂದರು. ಬುಗುರಿ ಪರದೆಯ ಹಿಂದೆ ಅಡಗಿ ಕಿವಿಗೊಟ್ಟಳು.

"ಏನಣ್ಣಾ, ನೋವಿಗೂ ಅಂಗಿ ಹೊಲಿಯೋಕೆ ಶುರು ಮಾಡಿದ್ರಾ?"

"ಓಡೋ ಕಾಲು ನೋಯ್ದೆ ಇರುತ್ತಾ ಮೇಡಂ?"

"ಮೈಯೆಲ್ಲಾ ಹಿಡ್ಕೊಂಡ್ರೆ ಅದು ದಣಿವು, ಒಂದೆರಡು ದಿನಕ್ಕೆ ಹೋಗುತ್ತೆ. ಒಂದೇ ಕಡೆ, ಮುಟ್ಟಿದ್ರೆ ಜೀವ ಹೋಗೋ ಹಾಗೆ ನೋಯ್ತಿದ್ರೆ ಮೂಳೇಲಿ ಬಿರುಕಿರಬಹುದು. ಹಾಗೇ ಓಡಿದ್ರೆ ಮುರಿದೂ ಹೋಗಬಹುದು. ಮೊದ್ಲು ಡಾಕ್ಟರಿಗೆ ತೋರ್ಸಿ."

"ನಿಲ್ಸಿದ್ರೆ ಬುಗುರಿ ಬಿದ್ದೇ ಹೋಗುತ್ತಲ್ಲ?"

ಮೇಡಂ ಹೊರಗೆ ಹಗ್ಗದ ಮೇಲೆ ತೂಗುತ್ತಿದ್ದ ಒದ್ದೆ ಬಟ್ಟೆ ತೋರಿಸಿದರು. "ಅದ್ಯಾಕೆ ಹಾಗೆ ಬಿಟ್ಟಿದ್ದೀರಿ? ಗಿರಾಕಿಗೆ ಅವಸರ ಇಲ್ವಾ?"

"ಅಯ್ಯೋ, ತಲೆ ತಿಂತಾ ಇದ್ದಾನೆ! ಆದ್ರೆ ನೀರಿಗೆ ಹಾಕಿ ಒಣಗಿಸ್ದೆ ಕತ್ತರಿ ಆಡ್ಸಿದ್ರೆ ಆಮೇಲೆ ಬಟ್ಟೆ ಕುಗ್ಗಿ..."

ಅಪ್ಪ ಪರದೆಯ ಕಡೆ ತಿರುಗಿದ.

"ಮಗಳ ಕಾಲೂ ಹಂಗೇ ಅಣ್ಣಾ. ಓಡುವಾಗ ದಣಿಯುತ್ತೆ, ಗಟ್ಟಿಯಾಗೋದು ಮಲಗಿದಾಗ."

ಅಪ್ಪ ಪರದೆ ಸರಿಸಿದ. ಅಳತೆ ತೆಗೆಯುವವನಂತೆ ಮಗಳ ಮುಂದೆ ಮಂಡಿಯೂರಿ ಪಟ್ಟಿ ಬಿಚ್ಚಿದ. ಕಾಲು ಊದಿತ್ತು.

"ತುಂಬಾ ನೋಯುತ್ತಾ?"

"ಹ್ಞೂಂ ಅಪ್ಪಾ."

ಡಾಕ್ಟರು ನೋಡಿ, ಬಿರುಕು ಈಗಷ್ಟೇ ಶುರುವಾಗಿದೆ, ಒಳ್ಳೆಯ ಹೊತ್ತಿಗೆ ಬಂದಿರಿ ಎಂದರು. ಭಾನುವಾರದ ಓಟ ಅವಳಿಲ್ಲದೆ ನಡೆಯಿತು. ಆ ಮಧ್ಯಾಹ್ನ ಅಪ್ಪ ಹೊಲಿಗೆ ಯಂತ್ರ ಮುಟ್ಟಲಿಲ್ಲ, ಮಗಳ ನಿದ್ದೆ ಕೆಡಬಾರದಲ್ಲ. ಕಿಟಕಿಯಾಚೆ ಬಟ್ಟೆಗಳು ಗಾಳಿಗೆ ತೇಲುತ್ತಿದ್ದವು. ಬುಗುರಿ ಮತ್ತೆ ಮೋಡದ ಮೇಲಿದ್ದಳು, ಈ ಸಲ ಓಡದೆ, ಸುಮ್ಮನೆ ಮಲಗಿ.

ಕೆಲವು ವಾರ ಕಳೆದು ಡಾಕ್ಟರು ಒಪ್ಪಿದ ಮೇಲೆ ಮೊದಲು ನಡಿಗೆ, ಆಮೇಲೆ ಕಾಲು ಗಟ್ಟಿಯಾಗುವ ವ್ಯಾಯಾಮ, ಕೊನೆಗೆ ಮೆಲ್ಲಗೆ ಓಟ. ಮತ್ತೆ ಜೋರಾಗಿ ಓಡಿದ ದಿನ ಮೇಡಂ ಒಂದು ತುದಿ, ಅಪ್ಪ ಒಂದು ತುದಿ ಹಿಡಿದು ಓಟ ಮುಗಿಯುವ ಗೆರೆಯ ಬಳಿ, ಕಾಲಿಗೆ ಸುತ್ತಿದ್ದ ಅದೇ ಪಟ್ಟಿಯನ್ನು ಅಡ್ಡ ಚಾಚಿದ್ದರು. ಬುಗುರಿ ಅದನ್ನು ಎದೆಯಿಂದ ತಳ್ಳಿಕೊಂಡು ಹಾರಿಹೋದಳು. ಹಾಸ್ಟೆಲ್ ಸೀಟಿಗೆ ಮುಂದಿನ ವರ್ಷವೂ ಓಟವಿದೆ. ಓಡಲು ಕಾಲೂ ಇದೆ.

ನಿಮ್ಮ ಮನೆಯಲ್ಲೂ ಇಂಥ ಬುಗುರಿ ಇದ್ದರೆ, ಆಡುವ ಮುಂಚೆ ಮೈ ಬಿಸಿ ಮಾಡಿಸಿ, ಅಭ್ಯಾಸ ಮೆಲ್ಲಮೆಲ್ಲನೆ ಹೆಚ್ಚಿಸಿ, ವಾರದಲ್ಲಿ ಒಂದು ದಿನವಾದರೂ ಬಿಡುವು ಕೊಡಿ. ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ ಮರೆಯಬೇಡಿ. ಒಂದೇ ಕಡೆ ನೋವು, ಊತ, ಕುಂಟು ಕಂಡರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಇವತ್ತು ರಾತ್ರಿಯೇ ಮಗುವಿನ ಪಕ್ಕ ಕೂತು ಕೇಳಿ: "ಎಲ್ಲಾದ್ರೂ ನೋಯ್ತಿದೆಯಾ, ಪುಟ್ಟಾ?"