ತೆರೆದ ಎಂಜಿನ್ನಿಗೆ ಅಕ್ಷತೆ

'ಟಿಕ್' ಎಂದಿತು.

ವಿಜಯದಶಮಿಯ ರಾತ್ರಿ, ಹೇವರ್ಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಎಂಜಿನ್ನಿಗೆ ಹೊದಿಸಿದ್ದ ಹಳೆಯ ಬೆಡ್‌ಶೀಟನ್ನು ನಾನು ಎತ್ತಿದಾಗ ಕೇಳಿದ ಸದ್ದು. ಮರುದಿನ ಬೆಳಗ್ಗೆ ಮೆಕ್ಯಾನಿಕ್ ಯೂನುಸ್ ಬಂದು ಎಂಜಿನ್ನಿನ ಮೇಲ್ಭಾಗ ಮುಚ್ಚುವ ಹೆಡ್ ಕೂಡಿಸುವವನಿದ್ದ. ಮುಚ್ಚುವ ಮೊದಲು ಒಮ್ಮೆ ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ. ಟಾರ್ಚ್ ಹಿಡಿದೆ. ಪಿಸ್ಟನ್ನಿನ ಮೇಲೆ ಅರಿಸಿನ ಹಚ್ಚಿದ ಅಕ್ಕಿಕಾಳೊಂದು ಬಿದ್ದಿತ್ತು.

ನನ್ನ ಕಾರು ನನಗಿಂತ ಒಂದೆರಡು ವರ್ಷ ದೊಡ್ಡದು. ಹೊಸದು ತಗೋ ಎಂದು ಎಲ್ಲರೂ ಹೇಳುತ್ತಾರೆ. ಹೊಸ ಕಾರುಗಳು ಸದ್ದು ಮಾಡುವುದಿಲ್ಲ. ಒಳಗೆ ಏನು ಕೆಡುತ್ತಿದೆಯೋ ತಿಳಿಯದ ಆ ಮೌನಕ್ಕೇ ನಾನು ಹೆಚ್ಚು ಹೆದರುತ್ತೇನೆ. ಇದರ ಒಂದೊಂದು ಸದ್ದೂ ನನಗೆ ಪರಿಚಿತ. ಆದರೆ ಕಳೆದ ಚಳಿಗಾಲ, ಫ್ರೀವೇ ಸೇರುವ ಏರಿನಲ್ಲಿ, ಹಿಂದೆ ಬೃಹತ್ ಟ್ರಕ್ ಒಂದು ಹಾರ್ನ್ ಒತ್ತುತ್ತಾ ಬರುತ್ತಿದ್ದಾಗ, ಪೆಡಲನ್ನು ತಳಕ್ಕೆ ತುಳಿದರೂ ಕಾರು ವೇಗ ಪಡೆಯಲಿಲ್ಲ. ಟ್ರಕ್ಕಿನವನು ಹೇಗೋ ಪಕ್ಕದ ಸಾಲಿಗೆ ಸರಿದ. ನಾನು ರಸ್ತೆಯ ಅಂಚಿಗೆ ಸರಿದು ಕಾರು ನಿಲ್ಲಿಸಿಕೊಂಡೆ.

ಅಂದಿನಿಂದ ಪಾಲೋ ಆಲ್ಟೋದ ಲೈಬ್ರರಿ ಕೆಲಸಕ್ಕೆ ನನ್ನ ಗಂಡ ಗುರುಪ್ರಸಾದರೇ ಬಿಟ್ಟುಬರತೊಡಗಿದರು. ಒಂದು ದಿನವೂ ಗೊಣಗಲಿಲ್ಲ. ನನಗೆ ಕಷ್ಟವಾಗಿದ್ದು ಅದೇ. ಬೇಗನೆ ನಾನೇ ಆ ಏರು ಹತ್ತದಿದ್ದರೆ ಇನ್ನೆಂದೂ ಹತ್ತಲಾರೆ ಎಂದು ನನಗೆ ಗೊತ್ತಿತ್ತು.

ಶಿವಾಜಿನಗರದಲ್ಲಿ ಬೆಳೆದ ಯೂನುಸ್ ಇಲ್ಲಿ ಗೋದಾಮುಗಳ ಸಾಲಿನಲ್ಲಿ ಎಂಜಿನ್ ಕೆಲಸದ ಶೆಡ್ ಇಟ್ಟಿದ್ದಾನೆ. ಇದ್ದದ್ದನ್ನೇ ರಿಪೇರಿ ಮಾಡಿದರೆ ಸಾಕು ಎಂದು ಅವನು ಮೊದಲು ಹೇಳಿದ. ಸಾಲದು, ಎಂಜಿನ್ನನ್ನೇ ದೊಡ್ಡದು ಮಾಡಬೇಕು ಎಂದೆ. ಆಗ ಅವನು ಎರಡು ದಾರಿ ತೋರಿಸಿದ.

"ಸಿಲಿಂಡರ್ ಅಗಲ ಮಾಡಿದ್ರೆ ಮೇಲಿನ ಸ್ಪೀಡಲ್ಲಿ ಹುಲಿ, ಜಲಜಕ್ಕ. ಪಿಸ್ಟನ್ ಓಡಾಟ ಉದ್ದ ಮಾಡಿದ್ರೆ ಕೆಳಗಿಂದಾನೇ ಎತ್ತಿನ ಥರ ಎಳೀತದೆ. ಹುಡುಗ್ರೆಲ್ಲಾ ಹುಲಿ ಕೇಳ್ತಾರೆ."

"ನಂಗೆ ಎತ್ತೇ ಇರ್ಲಿ," ಎಂದೆ.

ಒಂದೂವರೆ ಲೀಟರಿನ ಎಂಜಿನ್ ಎರಡರ ಹತ್ತಿರ ಬರುತ್ತದೆ ಎಂದು ತಿಳಿದಾಗ ಗುರುಪ್ರಸಾದರು ಕಾಫಿ ಲೋಟ ಕೆಳಗಿಟ್ಟರು.

"ಏನೇ, ಈ ವಯಸ್ಸಲ್ಲಿ ರೇಸಿಗೆ ಹೋಗ್ತೀಯಾ? ಹೆಲ್ಮೆಟ್ಟೂ ಆರ್ಡರ್ ಮಾಡ್ಲಾ?"

ಬೇಸಿಗೆಯುದ್ದಕ್ಕೂ ಅವರು ನಗೆಯಾಡಿದರು. ಶನಿವಾರಗಳಲ್ಲಿ ಯೂನುಸ್ ನಮ್ಮ ಗ್ಯಾರೇಜಿಗೇ ಬಂದು, ಕಾರಿನಿಂದ ಇಳಿಸಿದ ಎಂಜಿನ್ ಜೋಡಿಸುವಾಗ ನಾನು ಪಕ್ಕ ನಿಂತು ಕೆಲಸ ಕಲಿತೆ. ಆಯುಧಪೂಜೆಯ ದಿನ ಅವರು ತಮ್ಮ ಕಾರನ್ನು ತೊಳೆದು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗ, ಎಂಜಿನ್ನಿಗೆ ಮಾತ್ರ ಪೂಜೆ ಬೇಡ, ಅದು ತೆರೆದಿದೆ ಎಂದು ಎಚ್ಚರಿಸಿದೆ. ಕಬ್ಬಿಣದ ಮುದ್ದೆಗೆಲ್ಲ ಯಾರು ಪೂಜೆ ಮಾಡ್ತಾರೆ ಎಂದು ಅವರು ನಕ್ಕಿದ್ದರು.

ಈಗ ಟಾರ್ಚನ್ನು ಸುತ್ತ ಹಾಯಿಸಿದೆ. ಗೋಡೆಯ ಕಡೆಗೆ, ನನ್ನ ಕಣ್ಣಿಗೆ ಸುಲಭವಾಗಿ ಬೀಳದ ಮಗ್ಗುಲಲ್ಲಿ, ಉಂಗುರಬೆರಳಿನಿಂದ ಇಟ್ಟ ಪುಟ್ಟ ಕುಂಕುಮದ ಬೊಟ್ಟಿತ್ತು.

ಮೊದಲು ಸಿಟ್ಟು ಬಂತು. ಅವರನ್ನು ಎಬ್ಬಿಸಿ ಕರೆತಂದು ತೋರಿಸಬೇಕೆನಿಸಿತು. ಎಂಜಿನ್ನಿನ ಮೇಲ್ಮೈಯಲ್ಲಿ ಎಣ್ಣೆ ಮೇಲೇರುವ ಸಣ್ಣ ರಂಧ್ರವಿದೆ. ಅದು ಕಟ್ಟಿಕೊಂಡರೆ ಮೇಲಿನ ಭಾಗಗಳು ಒಣಗಿ, ಉಜ್ಜಿ, ಓಡುತ್ತಿರುವಾಗಲೇ ಹಿಡಿದು ನಿಲ್ಲುತ್ತವೆ. ಅದೇ ಏರಿನಲ್ಲಿ, ಟ್ರಕ್ಕಿನ ಮುಂದೆ. ಬಗ್ಗಿ ನೋಡಿದೆ. ರಂಧ್ರದೊಳಗೆ ಹಳದಿ ಕಂಡಿತು.

ಸಿಟ್ಟಿಗೆ ಆಗ ಸಮಯವಿರಲಿಲ್ಲ. ತಂತಿಯ ತುದಿಗೆ ಗ್ರೀಸ್ ಹಚ್ಚಿ ಇಳಿಸಿದೆ. ಎರಡು ಸಲ ಕಾಳು ಜಾರಿತು, ಆಮೇಲೆ ಅಂಟಿಕೊಂಡು ಬಂತು. ಅಷ್ಟಕ್ಕೆ ನನ್ನಂಥವಳಿಗೆ ಸಮಾಧಾನವಾಗುವುದಿಲ್ಲ. ಎಣ್ಣೆ ದಾರಿಯ ತುದಿಯ ಬಿರಡೆ ಬಿಚ್ಚಿ, ಕೆಳಗೆ ಬಿಳಿ ಬಟ್ಟೆ ಹಾಸಿ, ಮೇಲಿನಿಂದ ತೆಳು ಎಣ್ಣೆ ಸುರಿದೆ. ಬಟ್ಟೆಯ ಮೇಲೆ ಇನ್ನೊಂದು ಕಾಳು ಬಂದು ಬಿತ್ತು. ಮತ್ತೆ ಸುರಿದೆ, ಮತ್ತೆ; ಬರಿಯ ಎಣ್ಣೆ ಬರುವವರೆಗೆ, ಆಮೇಲೂ ಸ್ವಲ್ಪ ಹೊತ್ತು. ಪಿಸ್ಟನ್ನಿನ ಮೇಲಿನ ಕಾಳನ್ನು ಆರಿಸಿ ತೆಗೆದು, ಬೋಲ್ಟಿನ ತೂತುಗಳನ್ನೂ ಒಂದೊಂದಾಗಿ ಒರೆಸಿದೆ.

ಕೊನೆಗೆ ಉಳಿದದ್ದು ಕುಂಕುಮ. ಬಟ್ಟೆ ಅಲ್ಲಿಯವರೆಗೆ ಹೋಗಿ ನಿಂತಿತು. ನಗೆಯಾಡಿದ ಮನುಷ್ಯ ನಾನಿಲ್ಲದಾಗ ಬೆಡ್‌ಶೀಟ್ ಎತ್ತಿ, ಚಪ್ಪಲಿ ಬಿಟ್ಟು, ಈ ಕಬ್ಬಿಣದ ಮುದ್ದೆಯ ಮುಂದೆ ನಿಂತಿದ್ದರು. ನಾನು ಒಬ್ಬಳೇ ಫ್ರೀವೇ ಹತ್ತುವುದನ್ನು ನೆನೆದು ಅವರಿಗೂ ಹೆದರಿಕೆ. ಅದನ್ನು ನನಗೆ ತೋರಿಸಲು ಅವರಿಗೆ ಇಷ್ಟವಿರಲಿಲ್ಲ. ಬೊಟ್ಟನ್ನು ಹಾಗೆಯೇ ಬಿಟ್ಟೆ.

ಬೆಳಗ್ಗೆ ಯೂನುಸ್ ಬಿರಡೆಯನ್ನು ಬೆರಳಿನಿಂದ ಮುಟ್ಟಿ, "ಇದನ್ನ ಯಾರು ಬಿಚ್ಚಿದ್ದು, ಅಕ್ಕ?" ಎಂದು ಕೇಳಿದ.

"ನಾನೇ. ಮನಸ್ಸು ಕೇಳ್ಲಿಲ್ಲ, ಇನ್ನೊಂದ್ಸಲ ತೊಳೆದೆ."

ನನ್ನ ಸ್ವಭಾವ ಬಲ್ಲವನು, ತಲೆಯಾಡಿಸಿ ಹೆಡ್ ಎತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಗುರುಪ್ರಸಾದರು ಗೋಡೆಯ ಕಡೆಯ ಆ ಮಗ್ಗುಲನ್ನು ನೋಡಿದರು, ಆಮೇಲೆ ನನ್ನನ್ನು.

ತಿಂಗಳು ಕಳೆಯುವ ಮೊದಲೇ, ಸೋಮವಾರದ ಬೆಳಗ್ಗೆ, ಒಬ್ಬಳೇ ಆ ಏರು ಹತ್ತಿದೆ. ಹಿಂದೆ ಟ್ರಕ್ ಇತ್ತು. ಅರ್ಧ ತುಳಿದದ್ದಷ್ಟೇ, ಎಂಜಿನ್ ಕೂಗಲಿಲ್ಲ, ಕೆಳಗಿನಿಂದಲೇ ಎಳೆಯಿತು. ಕನ್ನಡಿಯಲ್ಲಿ ಟ್ರಕ್ ಚಿಕ್ಕದಾಯಿತು. ಅಂಗೈ ಬೆವರಿತ್ತು, ಆದರೆ ಸ್ಟಿಯರಿಂಗ್ ಅಲುಗಲಿಲ್ಲ.

ಲೈಬ್ರರಿಯ ಪಾರ್ಕಿಂಗಿನಲ್ಲಿ ಇಳಿಯುವ ಮೊದಲೇ ಅವರ ಫೋನ್ ಬಂತು. "ಏನಾದ್ರೂ ಸದ್ದು ಮಾಡ್ತಾ?"

"ಇಲ್ಲ ರೀ. ಚೆನ್ನಾಗಿದೆ."

ಅವರು ನಿಧಾನವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಆಗಲೇ ತೀರ್ಮಾನಿಸಿದೆ: ಅಕ್ಕಿಕಾಳುಗಳ ವಿಷಯ ಅವರಿಗೂ ಹೇಳುವುದಿಲ್ಲ, ಯೂನುಸನಿಗೂ ಇಲ್ಲ, ಯಾರಿಗೂ ಇಲ್ಲ. ಮುಂದಿನ ಆಯುಧಪೂಜೆಗೆ ಎಂಜಿನ್ ಮುಚ್ಚಿರುತ್ತದೆ. ಎಷ್ಟು ಬೇಕಾದರೂ ಅಕ್ಷತೆ ಹಾಕಲಿ.