ಹಸಿರು ಛತ್ರಿಯ ಹೆಂಗಸು

ಮತ್ತೆ ಅದೇ ಹಸಿರು, ಕಣ್ಣಂಚಿಗೆ ಬಂದು ಸರಿಯಿತು, ಬಾಳೆಹಣ್ಣಿನ ಗಾಡಿಯ ಆಚೆ, ಬೇವಿನ ಟೊಂಗೆ ಇರಬೇಕು — ಟೊಂಗೆಗೆ ಕಾಲಿರುವುದಿಲ್ಲ, ಇದಕ್ಕೆ ಇತ್ತು, ನಡೆಯುತ್ತಿತ್ತು, ನಾನು ನಿಂತ ಕೂಡಲೇ ತಾನೂ ನಿಂತಿತು. ತಿರುಗಬೇಡ ಕೈನಾತ, ಲಕ್ಷ್ಮೇಶ್ವರದ ಬಜಾರನ್ನು ಇವತ್ತೇ ಹುಟ್ಟಿ ನೋಡುತ್ತಿರುವವಳ ಹಾಗೆ ಫೋನು ಎತ್ತಿ ಹಿಡಿ, ನಡೆ. ಮೊನ್ನೆಯ ಚೀಟಿ ನೆರಳು. ನಮಗೆ ಫೋಟೋ ತೆಗೆಯಲು ಕಲಿಸುವ ಸ್ಟುಡಿಯೋದ ಸೋಮೇಶ ಸರ್ ದಿನಾ ಬೆಳಿಗ್ಗೆ ಡಬ್ಬಿಯಿಂದ ಒಂದು ಚೀಟಿ ಎತ್ತಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಅದರಲ್ಲಿ ಒಂದೇ ಶಬ್ದ, ಅದನ್ನು ಹಿಡಿದುಕೊಂಡು ಬೀದಿಗಿಳಿಯಬೇಕು, ಸಂಜೆಗೆ ಮೂರು ಫೋಟೋ, ಯಾರನ್ನೂ ನಿಲ್ಲಿಸಿ ನಗಿಸುವ ಹಾಗಿಲ್ಲ, ತೆಗೆದದ್ದನ್ನು ಅಳಿಸುವ ಹಾಗಿಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯ ಗೋಡೆಯ ಮೇಲೆ ಮೂರು ನೆರಳು ಹಿಡಿದೆ, ಎಮ್ಮೆಯದು, ಸೈಕಲ್ಲಿನದು, ಮೂರನೆಯದು ಛತ್ರಿಯದು, ಚಿತ್ರದ ಅಂಚಿನಲ್ಲಿ ಹಸಿರು ಬಟ್ಟೆಯ ಒಂದು ಮೂಲೆ. ಚಂದ ಬಂತು ಎಂದುಕೊಂಡೆ. ನಿನ್ನೆಯ ಚೀಟಿ ಕಾಯುವವರು. ಶಿರಹಟ್ಟಿಯ ಬಸ್‌ಸ್ಟ್ಯಾಂಡು, ಕಟ್ಟೆಯ ಮೇಲೆ ಕುಳಿತ ಏಳು ಜನ, ರಾತ್ರಿ ದೊಡ್ಡದು ಮಾಡಿ ನೋಡಿದರೆ ಕಂಬದ ಹಿಂದೆ ಎಂಟನೆಯವಳು, ನೆರಳಿನಲ್ಲೇ ಕುಳಿತವಳಿಗೆ ಛತ್ರಿ ಯಾಕೆ ಬೇಕು, ಮುಖ ಮುಚ್ಚಿಕೊಳ್ಳಲಿಕ್ಕೆ ಬೇಕು, ಹಸಿರು, ಹೊಸದು, ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿಲ್ಲ.

ಮುಂಡರಗಿಯವರು ಕಳಿಸಿದ್ದಾರೆ, ಮತ್ಯಾರು. ಶುಕ್ರವಾರ ವರ ನವಾಜನ ಮನೆಯವರು ನನ್ನ ಸಂಬಂಧಕ್ಕೆ ಹೂಂ ಅನ್ನಬೇಕು ಇಲ್ಲವೇ ಉಹೂಂ ಅನ್ನಬೇಕು, ಅದಕ್ಕೂ ಮೊದಲು ಗುರುತಿಲ್ಲದ ಹೆಂಗಸೊಬ್ಬಳು ಬಂದು ಹುಡುಗಿಯ ನಡಿಗೆ ನೋಡುತ್ತಾಳೆ, ಓಣಿಯಲ್ಲಿ ಮಾತು ಕೇಳುತ್ತಾಳೆ, ನಮ್ಮಲ್ಲಿ ಅದು ಇದ್ದದ್ದೇ. ದಾದಿಯನ್ನೂ ಹಾಗೇ ನೋಡಿದ್ದರಂತೆ, ದಿಂಬು ಕೊಳ್ಳುವ ನೆಪದಲ್ಲಿ ಬಂದವಳು ಅರ್ಧ ತಾಸು ದಿಂಬು ಒತ್ತಿದಳಂತೆ, ಕಣ್ಣು ಮಾತ್ರ ಅರಳೆ ಹಿಂಜುತ್ತಿದ್ದ ನನ್ನ ಮ್ಯಾಲೆ, ಎನ್ನುತ್ತಾಳೆ ದಾದಿ, ನಗುತ್ತ, ಗಾದಿ ಹೊಲಿಯುವ ದಬ್ಬಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ದಾದಿ ಎಂದರೆ ಅಪ್ಪನ ತಾಯಿ ಶಮಶಾದಬಿ, ನನ್ನನ್ನು ಕಥೆ ಹೇಳಿ ಬೆಳೆಸಿದವಳು. ಬೀದಿಯಲ್ಲಿ ಬಿದ್ದ ನೆರಳುಗಳನ್ನು ಆರಿಸಿ ದಿಂಬಿಗೆ ತುಂಬುವ ಒಬ್ಬ ಮುದುಕಿ ಇದ್ದಳಂತೆ, ಆ ದಿಂಬಿಗೆ ತಲೆಯಿಟ್ಟವರಿಗೆ ಬೇರೆಯವರ ಕನಸು ಬೀಳುತ್ತಿತ್ತಂತೆ, ನಾನು ಆ ಮುದುಕಿಯೇ ಆಗಿಬಿಟ್ಟೆ ನೋಡು, ಫೋನಿನಲ್ಲಿ ತುಂಬುತ್ತೇನೆ. ಅಪ್ಪ ಅಂದ, ರಸ್ತಾದಾಗ ನಿಂತು ಕಂಡವರ ಫೋಟೋ ಹೊಡಿಯೋದು ಯಾವ ಸೀಮಿ ಕೆಲಸ, ನಾಳಿ ಬೀಗರ ಕಿವಿಗೆ ಬಿದ್ದರ ಏನಂತಾರ, ಫೋನ್ ಒಳಗಿಡು. ದಾದಿ ಗಾದಿಯ ಮೇಲಿಂದ ಏಳದೆ ಅಂದಳು, ಲೇ ಶೇಖಸಾಬ, ಹೋಗಲಿ ಬಿಡು, ಆಕಿಗೆ ನಾ ಹೊಣಿ. ಆ ಒಂದು ಮಾತಿನ ಮೇಲೆ ನಾನು ಇಲ್ಲಿ ನಿಂತಿದ್ದೇನೆ, ಅದು ಮುರಿದ ದಿನ ಫೋನು ಕಪಾಟಿಗೆ, ನಾನು ಒಳಮನೆಗೆ.

ಹಾಗಾದರೆ ಈ ಹೆಂಗಸು ಮುಂಡರಗಿಗೆ ಹೋಗಿ ಏನು ಹೇಳುತ್ತಾಳೆ, ಹುಡುಗಿ ಊರೂರು ತಿರುಗತಾಳ, ಕಂಡಕಂಡವರನ್ನ ನೋಡತಾಳ — ಖರೆ, ನೋಡುತ್ತೇನೆ, ಆದರೆ ಅವಳೂ ನನ್ನನ್ನೇ ನೋಡುತ್ತ ಮೂರು ಊರು ತಿರುಗಿದಳಲ್ಲ. ಬಸ್ಸಿನಲ್ಲಿ ಹತ್ತಿದ್ದಳೇ, ಹಿಂದಿನ ಸೀಟಿನಲ್ಲಿ ಇದ್ದಳೇ, ಹೆಂಗಸರಿಗೆ ಪುಕ್ಕಟೆ ಬಸ್ಸು, ಆಧಾರ್ ತೋರಿಸಿದರಾಯಿತು, ಯಾರು ಬೇಕಾದರೂ ಯಾರ ಬೆನ್ನು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಇವತ್ತಿನ ಚೀಟಿ ಪ್ರತಿಬಿಂಬ. ಬಂತಲ್ಲ ಕೈಗೆ. ಭಾಂಡೆ ಅಂಗಡಿಯ ಮುಂದೆ ಸ್ಟೀಲಿನ ಕೊಡಗಳು ಒಂದರ ಮೇಲೊಂದು, ಪ್ರತಿಯೊಂದರ ಹೊಟ್ಟೆಯಲ್ಲೂ ಇಡೀ ಬಜಾರು ಬಗ್ಗಿ ಕುಳಿತಿದೆ, ಇಲ್ಲಿ ನಿಂತರೆ ಬೆನ್ನ ಹಿಂದಿನದು ಎದುರಿಗೆ ಬರುತ್ತದೆ. ಏನವಾ, ಕೊಡ ತಗೋತೀಯೋ, ಫೋಟೋ ತಗೋತೀಯೋ, ಅಂಗಡಿಯ ಚನ್ನಬಸವಣ್ಣ ಗಲ್ಲಾಪೆಟ್ಟಿಗೆಯ ಬಳಿಯಿಂದಲೇ ಕೇಳುತ್ತಾನೆ, ಮೊದಲ ಫೋಟೋ ರೀ, ಆಮ್ಯಾಲೆ ಕೊಡ, ಅನ್ನುತ್ತೇನೆ, ಹಂಗಾದ್ರ ನನ್ನ ಹೊಟ್ಟಿ ಬಿಟ್ಟು ಕೊಡದ ಹೊಟ್ಟಿ ಅಷ್ಟ ತಗೀವಾ, ಎಂದು ತಾನೇ ನಗುತ್ತಾನೆ, ನಾನೂ ನಗುತ್ತೇನೆ, ಕಣ್ಣು ಕೊಡದಲ್ಲಿ. ಬಾಳೆಹಣ್ಣಿನ ಗಾಡಿ ಕೊಡದ ಉಬ್ಬಿನಲ್ಲಿ ಉದ್ದಕ್ಕೆ ಹಿಗ್ಗಿದೆ, ಅದರ ಪಕ್ಕ ಹಸಿರು, ಬಿಸಿಲು ಸರಿಯಿತೇನೋ, ಕೈ ಸೋತಿತೇನೋ, ಛತ್ರಿ ಮಡಚುತ್ತಿದ್ದಾಳೆ, ಮಡಚು, ಮಡಚು — ತಲೆಯ ಮೇಲೆ ಸೆರಗು, ಒಂದು ಕೈ ಮೊಣಕಾಲಿನ ಮೇಲೆ, ಮೂಗಿನ ಎಡಕ್ಕೆ ಕಲ್ಲು ಬಿದ್ದುಹೋದ ಮೂಗುತಿ.

ದಾದಿ.

ಓಣಿಯ ಮೂಲೆಯ ಮಸೀದಿತನಕ ನಡಿಯಾಕ ಮೊಣಕಾಲು ಒಲ್ಲೆ ಅಂತಾವ ಎನ್ನುವ ದಾದಿ, ನಾನು ಹೊರಡುವಾಗ ಗುಲಾಬಬಿಯ ಮನಿಗೆ ಕುಂಡ್ರಾಕ ಹೋಗ್ತೀನಿ ಎಂದು ನನಗಿಂತ ಮೊದಲೇ ಚಪ್ಪಲಿ ಮೆಟ್ಟುತ್ತಿದ್ದ ದಾದಿ, ಹಳೆಯ ಕಪ್ಪು ಛತ್ರಿಯನ್ನು ನಾನು ಗುರುತಿಸುತ್ತೇನೆಂದು ಹೊಸದು ಕೊಂಡಳೇ, ನನಗಾಗಿ, ನನ್ನಿಂದ ಅಡಗಲಿಕ್ಕಾಗಿ, ಇರಲಿಕ್ಕಿಲ್ಲ, ನನ್ನ ಕಾಳಜಿಗೆ ಬಂದಿರಬೇಕು, ದಾರಿಯಲ್ಲಿ ಯಾರಾದರೂ ತೊಂದರೆ ಕೊಟ್ಟಾರೆಂದು, ಹೌದು, ಕಾಳಜಿ, ಅದೇ — ಬಾಳೆಹಣ್ಣು ಮಾರುವ ಹೆಂಗಸಿನ ಹತ್ತಿರ ಬಗ್ಗುತ್ತಿದ್ದಾಳೆ, ಗುಟ್ಟು ಮಾತಾಡಲು ಬಾರದ ಗಂಟಲು ಅವಳದು, ಎರಡು ಮಾರು ದೂರಕ್ಕೂ ಕೇಳುತ್ತದೆ. ಯವ್ವಾ, ಆ ಫೋಟೋದ ಹುಡುಗಿ ಕೂಡ ಯಾವನರ ಬಂದಾನೇನು? ಯಾರೂ ಇಲ್ಲಬೇ, ಒಬ್ಬಾಕಿನ ಬಂದಾಳ. ಚಲೋತ್ನಾಗಿ ನೋಡಿಯೇನು, ಖರೆ ಒಬ್ಬಾಕಿನ? ನೋಡೀನಿ ಬಿಡಬೇ, ಯಾಕ, ನಿಮ್ಮಾಕಿ ಏನು? ಕೊಡದ ಹೊಟ್ಟೆಯಲ್ಲಿ ದಾದಿಯ ಬಾಯಿ ಅಗಲಕ್ಕೆ ಎಳೆದುಕೊಂಡು ತೆರೆಯುತ್ತದೆ, ಅಲ್ಲ ಯವ್ವಾ, ನಮ್ಮಾಕಿ ಅಲ್ಲ, ಯಾರದೋ ಮನಿ ಹುಡುಗಿ.

ಆಕಿಗೆ ನಾ ಹೊಣಿ, ಯಾರದೋ ಮನಿ ಹುಡುಗಿ, ಹೊಣಿ, ಯಾರದೋ — ತಿರುಗಬೇಕು, ದಾದಿ ಎಂದು ಕೂಗಬೇಕು, ಕೂಗಿದರೆ ಅವಳ ಮುಖ ಏನಾಗುತ್ತದೆ, ಆ ಮುಖದ ಜೊತೆ ಇವತ್ತು ರಾತ್ರಿ ಒಂದೇ ಗಾದಿಯ ಮೇಲೆ ಹೇಗೆ ಮಲಗುವುದು, ಕೂಗದಿದ್ದರೆ ನಾಳೆಯ ಚೀಟಿಗೂ ಬರುತ್ತಾಳೆ, ನಾಡಿದ್ದಕ್ಕೂ, ಕಾಣದ ಒಬ್ಬ ಗಂಡಸನ್ನು ನನ್ನ ಪಕ್ಕದಲ್ಲಿ ಹುಡುಕುತ್ತ. ಏನವಾ, ಕೊಡದಾಗ ಏನರ ಬಿತ್ತೇನು, ಎನ್ನುತ್ತಾನೆ ಚನ್ನಬಸವಣ್ಣ. ಬೆರಳು ತಾನಾಗಿ ಒತ್ತಿತು, ಫೋಟೋ ಬಂತು, ಅಳಿಸುವ ಹಾಗಿಲ್ಲ. ಈಗ ಹೊರಡಬಹುದು, ಬಸ್ಸಿದೆ, ಹಿಂದೆ ಟಪ್ ಎಂದು ಸದ್ದು, ಕೊಡದ ಹೊಟ್ಟೆಯಲ್ಲಿ ಹಸಿರು ಅರಳಿತು, ಮೂಗುತಿ ಮುಚ್ಚಿತು, ಸೆರಗು ಮುಚ್ಚಿತು, ಕೆಳಗೆ ಎರಡು ಪಾದ ಮಾತ್ರ, ನಾನು ನಡೆಯುವುದನ್ನೇ ಕಾಯುತ್ತ, ಮೇಲೆ ಹಸಿರು, ಬರೀ ಹಸಿರು ಛತ್ರಿ